ಕಲಿಸುವ ಹೆಲ್ಪರ್

ಶೀಲಾವತಿಯ ಕೆಲಸದ ಅರ್ಜಿಯಲ್ಲಿ ‘ಅನುಭವ’ ಎಂಬ ಜಾಗದಲ್ಲಿ ಅವಳ ಗಂಡ ಒಂದು ಸೊನ್ನೆ ಸುತ್ತಿದ. ಬಲಗೈ ಐದನೆಯ ನೀರುದೋಸೆಯಲ್ಲಿದ್ದುದರಿಂದ ಎಡಗೈಯಲ್ಲಿ ಬರೆದ. ಸೊನ್ನೆಗೆ ಅಷ್ಟು ಸಾಕು.

“ಮೂರು ವರ್ಷ ಹನ್ನೊಂದು ಜನರಿಗೆ ಬೇಯಿಸಿ ಹಾಕಿದ್ದು?”

“ಅದು ಅನುಭವ ಅಲ್ಲ ಮಾರಾಯ್ತಿ, ಸಂಸಾರ.”

ಗುತ್ತಿಗಾರಿನ ಶೀಲಾವತಿ ಮದುವೆಗೆ ಮೊದಲು ಮಂಗಳೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಪ್ರೋಗ್ರಾಮಿಂಗ್ ಕಲಿತವಳು. ಪುತ್ತೂರಿಗೆ ಸೊಸೆಯಾಗಿ ಬಂದ ಮೇಲೆ ಆ ಸರ್ಟಿಫಿಕೇಟು ಅಕ್ಕಿಡಬ್ಬದ ಅಡಿಗೆ ಹೋಗಿತ್ತು. ಈಗ, ೧೯೮೮ರಲ್ಲಿ, ಅದೇ ಊರಿನ ದರ್ಬೆಯ ಅಡಿಕೆ ವ್ಯಾಪಾರಿ ಸರ್ವೋತ್ತಮ ರೈಗಳು ಕಂಪ್ಯೂಟರ್ ತರಿಸಿ, ‘ಪ್ರೋಗ್ರಾಮರ್ ಬೇಕು, ಹತ್ತು ವರ್ಷ ಅನುಭವ’ ಎಂದು ಬೋರ್ಡು ಹಾಕಿದ್ದರು. ಪ್ರೋಗ್ರಾಮರ್ ಎಂಬ ಆ ಹೆಸರು ತನ್ನದಾಗಬೇಕೆಂದು ಅವಳ ಹಟ. ‘ಸುಮ್ಮನೆ ಮನೆಯಲ್ಲಿದ್ದಾಳೆ’ ಎಂಬ ಮಾತು ಕೇಳಿ ಕೇಳಿ ಸಾಕಾಗಿತ್ತು.

ಇಂಟರ್‌ವ್ಯೂಗೆ ಬಂದ ಇನ್ನೊಬ್ಬ ಅಭ್ಯರ್ಥಿ ಚೆನ್ನಕೇಶವ. ಹನ್ನೆರಡು ವರ್ಷದ ಅನುಭವ, ಟೈಪ್‌ರೈಟರ್ ರಿಪೇರಿಯಲ್ಲಿ.

ರೈಗಳ ಕಂಪ್ಯೂಟರಿನ ಬಾಯಿಗೆ ಫ್ಲಾಪಿ ಹೋಗುತ್ತಿರಲಿಲ್ಲ. ಚೆನ್ನಕೇಶವ ಕಿವಿಗೊಟ್ಟು ಕೇಳಿ, “ಒಳಗೆ ಬೋರ್ಡ್ ಹೋಗಿದೆ ಧಣಿ. ಮದ್ರಾಸಿಂದ ಬರ್ಬೇಕು” ಎಂದ.

ಶೀಲಾವತಿ ಬಗ್ಗಿ ನೋಡಿದಳು. “ಇದಕ್ಕೆ ಆಯುಧಪೂಜೆ ಮಾಡಿದ್ರಾ?”

“ಮತ್ತೆ? ಭಟ್ರನ್ನೇ ಕರೆಸಿದ್ದು!” ಎಂದರು ರೈಗಳು.

ಕರೆಂಟು ತೆಗೆಸಿ, ಹೇರ್‌ಪಿನ್ನಿನಲ್ಲಿ ಏಳು ಕಾಳು ಅಕ್ಷತೆ ಹೊರಗೆಳೆದಳು. ಫ್ಲಾಪಿ ಹೋಯಿತು. ಅರ್ಧ ಗಂಟೆಯಲ್ಲಿ ಅವಳು ಬರೆದ ಪ್ರೋಗ್ರಾಮಿನಿಂದ ಪರದೆಯ ಮೇಲೆ ಅಡಿಕೆಯ ತೂಕದ ಪಟ್ಟಿ ಬಂತು.

ರೈಗಳು ಬೆರಗಾದರು. “ಭಾರೀ ಲಾಯ್ಕ! ಚೆನ್ನಕೇಶವ ಪ್ರೋಗ್ರಾಮರ್, ಅನುಭವ ಉಂಟಲ್ಲ. ನೀವು ಹೆಲ್ಪರ್. ಅವನಿಗೆ ಸ್ವಲ್ಪ ಕಲಿಸಿಕೊಡಿ.”

“ಕಲಿಸುವವಳು ಹೆಲ್ಪರ್, ಕಲಿಯುವವ ಪ್ರೋಗ್ರಾಮರಾ? ನಮ್ಮ ಮನೆಯಲ್ಲೂ ಹೀಗೇ ಧಣಿ. ನಡೆಸುದು ನಾನು, ಯಜಮಾನ ಅವರು. ಅಲ್ಲಿ ಅಂಥದ್ದು ಒಂದು ಉಂಟು, ಇನ್ನೊಂದು ನನಗೆ ಬೇಡ.”

ಅವಳು ಚೀಲ ಹೆಗಲಿಗೇರಿಸಿ ಬಾಗಿಲು ದಾಟಿದಳು. ರೈಗಳು ಪರದೆಯನ್ನು ನೋಡಿದರು, ಚೆನ್ನಕೇಶವನನ್ನು ನೋಡಿದರು.

“ಈ ಯಂತ್ರವನ್ನು ನಿಲ್ಲಿಸುದು ಹೇಗೆ, ಗೊತ್ತುಂಟಾ ನಿನಗೆ?”

“ಇಲ್ಲ ಧಣಿ.”

“ಓ ಅಮ್ಮಾ, ಬನ್ನಿ ಮಾರಾಯ್ರೆ! ಪ್ರೋಗ್ರಾಮರ್ ಅಂತಲೇ ಬರೆಯುವ!”

ಇಬ್ಬರ ನೇಮಕದ ಕಾಗದಗಳನ್ನೂ ಶೀಲಾವತಿಯೇ ಟೈಪ್ ಮಾಡಬೇಕಾಯಿತು. ತನ್ನ ಹೆಸರಿನ ಮುಂದೆ ‘ಪ್ರೋಗ್ರಾಮರ್’ ಎಂದು ಒತ್ತಿ ಎರಡು ಸಲ ಓದಿಕೊಂಡಳು. ಚೆನ್ನಕೇಶವ ಮೆಲ್ಲನೆ ಹತ್ತಿರ ಬಂದ.

“ಅಕ್ಕಾ, ನನಗೆ ಹೆಲ್ಪರ್ ಆದ್ರೂ ಅಡ್ಡಿಯಿಲ್ಲ. ‘ಸೀನಿಯರ್ ಹೆಲ್ಪರ್’ ಅಂತ ಹಾಕ್ತೀರಾ? ಮನೆಯಲ್ಲಿ ಹೆಂಡತಿ ಕೇಳ್ತಾಳೆ.”