ನೋವಿನ ಚೌಕಾಸಿ

ಮರುಳಸಿದ್ದಯ್ಯನವರು ಅರಳಗುಪ್ಪೆ ಸುತ್ತಿನ ಹಳ್ಳಿಗಳಲ್ಲಿ ಕೊಬ್ಬರಿ ಕೊಳ್ಳುವವರು. ರೈತರ ಅಟ್ಟ ಹತ್ತಿ, ಒಂದು ಒಣಗಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದರೆ ಒಳಗಿನ ಕೊಬ್ಬರಿಯ ಜಾತಕವೆಲ್ಲ ಅವರಿಗೆ ಕೇಳಿಸುತ್ತಿತ್ತು. ಕೇಳಿಸಿದ್ದನ್ನು ಮಾತ್ರ ಎಂದೂ ಹೇಳಿದವರಲ್ಲ. ಕೊಬ್ಬರಿ ಬಂಗಾರದಂತಿದ್ದರೂ ಹರಳೆಣ್ಣೆ ಕುಡಿದವರ ಮುಖ ಮಾಡಿ, "ಅರ್ಧಕ್ಕರ್ಧ ಕೆಟ್ಟು ಕೌಟು ವಾಸ್ನೆ ಹಿಡಿದೈತೆ ಕಣಪ್ಪ" ಅನ್ನುವರು. ಎದುರಿನವನು ಹೇಳಿದ ಸಂಖ್ಯೆಯನ್ನು ಹಾಗೇ ಒಪ್ಪಿಕೊಂಡ ದಿನ ಅವರಿಗೆ ಮುದ್ದೆ ಅರಗುತ್ತಿರಲಿಲ್ಲ.

ನಮ್ಮ ಸೀಮೆಯ ಗಂಡಸರಿಗೆಲ್ಲ ಇರುವ ರೋಗವೇ ಇದು, ಅವರಲ್ಲಿ ಕೊಂಚ ಬಲಿತಿತ್ತು. ಡಾಕ್ಟರು ಹದಿನೈದು ದಿನಕ್ಕೆ ಮಾತ್ರೆ ಬರೆದರೆ, "ಹತ್ತು ದಿನಕ್ಕೆ ಮುಗಿಸಿ ಸಾರ್" ಎಂದು ಕೇಳಿದವರು ಅವರು.

ಹೋದ ವರ್ಷ ಹೆಂಡತಿ ಸಿದ್ದಗಂಗಮ್ಮನಿಗೆ ತಿಪಟೂರಿನ ನರ್ಸಿಂಗ್ ಹೋಮೊಂದರಲ್ಲಿ ಗರ್ಭಕೋಶದ ಆಪರೇಷನ್ ಆಯಿತು. ಅರಿವಳಿಕೆ ಇಳಿಯುತ್ತಿದ್ದಂತೆ ನರ್ಸ್ ಸಿಂಧು ಬಂದು ಕೇಳಿದಳು: "ಅಮ್ಮಾ, ನೋವು ಹತ್ತಕ್ಕೆ ಎಷ್ಟೈತೆ? ಇಲ್ಲವೇ ಇಲ್ಲ ಅಂದ್ರೆ ಸೊನ್ನೆ, ತಡಿಯಕ್ಕೇ ಆಗಲ್ಲ ಅಂದ್ರೆ ಹತ್ತು."

"ಎಂಟು," ಅಂದಳು ಸಿದ್ದಗಂಗಮ್ಮ.

ಸಂಖ್ಯೆ ಕಿವಿಗೆ ಬಿದ್ದದ್ದೇ ತಡ, ಸ್ಟೂಲಿನ ಮೇಲಿದ್ದ ಮರುಳಸಿದ್ದಯ್ಯನವರ ಬಾಯಿ ತಾನಾಗಿ ತೆರೆಯಿತು. "ಎಂಟೆಲ್ಲಿ ಬಂತು ಬುಡಮ್ಮ. ನಮ್ಮೋಳು ಎಲ್ಲಾದ್ಕೂ ಒಂದಕ್ಕೆರಡು ಹೇಳ್ತಾಳೆ. ನಾಕು ಬರ್ಕೊ."

ಪಕ್ಕದ ಮಂಚದವರು ನಕ್ಕರು. ಸಿಂಧು ನಗದೆ ಸಿದ್ದಗಂಗಮ್ಮನನ್ನೇ ನೋಡಿದಳು. "ನಾಕೇ ಬರ್ಕೊಳವ್ವ," ಎಂದ ಸಿದ್ದಗಂಗಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ವ್ಯಾಪಾರ ಕುದುರಿತೆಂದು ಮರುಳಸಿದ್ದಯ್ಯನವರು ಕಾಫಿ ಕುಡಿಯಲು ಹೋದರು.

ಈ ವರ್ಷ ಹರ್ನಿಯಾ ಅವರನ್ನು ಅದೇ ವಾರ್ಡಿಗೆ, ಅದೇ ಮಂಚಕ್ಕೆ ಎಳೆತಂದಿತು. ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗೆ ಮರಗಟ್ಟಿಸಿದ್ದರಿಂದ, ಆಪರೇಷನ್ ನಡೆಯುವಾಗ ಡಾಕ್ಟರಿಗೆ ಕೊಬ್ಬರಿ ಧಾರಣೆ ವಿವರಿಸುತ್ತ ಆರಾಮಾಗಿ ಮಲಗಿದ್ದರು. ಸಂಜೆ ಮರಗಟ್ಟಿದ್ದು ಬಿಟ್ಟಿತು ನೋಡಿ, ಯಾರೋ ಹೊಟ್ಟೆಯಲ್ಲಿ ಹಾರೆ ನೆಟ್ಟು ಒಂದೇ ಸಮನೆ ಕಾಯಿ ಸುಲಿಯತೊಡಗಿದರು.

"ಯಜಮಾನ್ರೇ, ಹತ್ತಕ್ಕೆ ಎಷ್ಟು?" ಸಿಂಧು ಕೇಳಿದಳು.

ಮೊದಲ ಮಾತಿಗೇ ನಿಜವಾದ ಸಂಖ್ಯೆ ಬಿಟ್ಟುಕೊಡುವುದುಂಟೆ? ಅದೂ ಅದೇ ಸ್ಟೂಲಿನ ಮೇಲೆ ಈಗ ಹೆಂಡತಿ ಕೂತಿರುವಾಗ!

"ಎರಡು," ಅಂದರು.

ಸ್ವಲ್ಪ ಹೊತ್ತಿಗೆ ಅರಿವಳಿಕೆ ಡಾಕ್ಟರ್ ಭಾನುಪ್ರಿಯಾ ಬಂದು ನಾಡಿ ಹಿಡಿದರು. "ಉಸಿರು ಪೂರ್ತಿ ಎಳ್ಕೊಂಡು ಒಂದ್ಸಲ ಕೆಮ್ಮಿ."

ಮರುಳಸಿದ್ದಯ್ಯನವರು ಬಾಯಿ ತೆರೆದು ಕೆಮ್ಮಿನಂತೆ ನಟಿಸಿದರು.

"ನಾಡಿ ಓಡ್ತಿದೆ, ಮೈಯೆಲ್ಲ ಬೆವರು, ಎರಡು ಅಂತೀರಲ್ಲ! ನೋವಿಗೆ ಹೆದರಿ ಹೀಗೆ ಉಸಿರು ಬಿಗಿಹಿಡಿದ್ರೆ ಎದೇಲಿ ಕಫ ಕಟ್ಟಿ ಸೋಂಕಾಗುತ್ತೆ. ಒಳಗೆ ಬೇರೇನಾದ್ರೂ ಎಡವಟ್ಟಾಗಿದ್ರೂ ನಮಗೆ ತಿಳಿಯಲ್ಲ. ನಾವು ಔಷಧಿ ಕೊಡೋದು ನಿಮ್ಮ ಮಾತು ನಂಬಿ ಕಣ್ರೀ. ಸರಿಯಾಗಿ ಹೇಳಿ."

"ಹಂಗಾರೆ... ಎರಡೂವರೆ ಮಾಡ್ಕಳಿ."

ಸಿದ್ದಗಂಗಮ್ಮ ಸ್ಟೂಲಿನಿಂದ ಎದ್ದಳು. "ಎಂಟು ಬರ್ಕಳಿ ಮೇಡಂ. ಮದ್ವೆ ಆದಾಗಿಂದ ನೋಡ್ತಾ ಇವ್ನಿ, ಈ ಮುಖದ್ದು ಎಂಟು."

ಡಾಕ್ಟರು ಗಾಯ ಪರೀಕ್ಷಿಸಿ, ಏನೂ ತೊಂದರೆಯಿಲ್ಲವೆಂದು ಇಂಜೆಕ್ಷನ್ ಕೊಡಿಸಿ ಹೋದರು. ಹೊಟ್ಟೆಯೊಳಗೆ ಕಾಯಿ ಸುಲಿಯುವವನ ಕೈ ನಿಧಾನವಾಯಿತು. ಆಗ ಮರುಳಸಿದ್ದಯ್ಯನವರು ಸೂರು ನೋಡುತ್ತ ಕೇಳಿದರು: "ಆವತ್ತು ನಿಂಗೂ ನಿಜವಾಗ್ಲೂ ಎಂಟಿತ್ತೇನೇ?"

"ಹತ್ತು. ನೀವೆಲ್ಲಿ ಗಾಬರಿಯಾಗ್ತೀರೋ ಅಂತ ಎರಡು ಬುಟ್ಟು ಹೇಳಿದ್ದೆ."

ಅಷ್ಟು ಹೇಳಿ ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದಳು. ಮರುಳಸಿದ್ದಯ್ಯನವರಿಗೆ ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ಅವಳೇ ಇಳಿಸಿ ಹೇಳಿದ್ದನ್ನು ಮತ್ತೆ ಅರ್ಧ ಕತ್ತರಿಸಿ, ಕಾಫಿ ಕುಡಿದು ಬಂದಿದ್ದರಲ್ಲ! ಗೋಡೆಯ ಕಡೆ ತಿರುಗಿದರು. ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಆವತ್ತು ಬೆಳಗಿನತನಕ ಅವಳು ನೋಡಿದ್ದು ಇದನ್ನೇ.

ಸಿಂಧು ಮತ್ತೆ ಬಂದಳು. "ಈಗೆಷ್ಟು ಯಜಮಾನ್ರೇ?"

"ಮೂರು. ದೇವ್ರಾಣೆ ಮೂರೇ ಕಣಮ್ಮ."

ಸಿಂಧು ಬರೆದುಕೊಳ್ಳಲಿಲ್ಲ. ಸಿದ್ದಗಂಗಮ್ಮನ ಕಡೆ ನೋಡಿದಳು. ಸಿದ್ದಗಂಗಮ್ಮ ಬಗ್ಗಿ, ಒಣಗಾಯಿ ಪರೀಕ್ಷಿಸುವವರ ಹಾಗೆ, ಗಂಡನ ಮುಖವನ್ನು ಆ ಮಗ್ಗುಲು ಈ ಮಗ್ಗುಲು ನೋಡಿದಳು. ಅಟ್ಟದ ಕೆಳಗೆ ನಿಂತ ರೈತನ ಹಾಗೆ ಮರುಳಸಿದ್ದಯ್ಯನವರು ಕಾದರು.

"ಮೂರೇ ಬರ್ಕೊಳವ್ವ," ಅಂದಳು ಸಿದ್ದಗಂಗಮ್ಮ, ಒಂದನ್ನೂ ಇಳಿಸದೆ.