ಟೊಮೆಟೋ ಬುಡದ ಬೆಕ್ಕು

ಇವತ್ತು ಬೆಳಿಗ್ಗೆ ಮಣ್ಣು ಪರೀಕ್ಷೆಯ ವರದಿ ಬಂತು. ನಾಲ್ಕು ಟೊಮೆಟೋ ಗಿಡಕ್ಕೆ ಪರೀಕ್ಷೆಯೇ ಎಂದು ನೀವು ನಗಬಹುದು. ನಗಿ, ನಮ್ಮ ಉರ್ವದ ಓಣಿಯಲ್ಲಿ ನಗದವರು ಯಾರೂ ಉಳಿದಿಲ್ಲ. ಆದರೆ ‘ಸಾರಜನಕ: ಕಡಿಮೆ’ ಎಂಬುದನ್ನು ಓದಿದೊಡನೆ ನನಗೆ ಲೀಲಕ್ಕನ ನೆನಪಾಯಿತು.

ಲೀಲಕ್ಕ ಪಕ್ಕದ ಮನೆಯವರು. ನಡುವೆ ಸೊಂಟದೆತ್ತರದ ಕಂಪೌಂಡ್ ಗೋಡೆ. ಆಚೆ ದಿನವೂ ಬಂಗುಡೆ, ಬೂತಾಯಿ ಮೀನಿನ ಅಡುಗೆ. ಈಚೆ, ಈರುಳ್ಳಿಗೂ ವಾರದಲ್ಲಿ ಎರಡು ದಿನ ರಜೆ ಕೊಡುವ ನನ್ನ ಅಮ್ಮ. ಆದರೂ ಆ ಗೋಡೆಗೆ ಮೊಣಕೈ ಊರಿ ಇಬ್ಬರೂ ಸಂಜೆಯೆಲ್ಲ ಹರಟುತ್ತಿದ್ದರು.

ಮೇಷ್ಟರಿಕೆಯಿಂದ ನಿವೃತ್ತನಾದ ಹುರುಪಿನಲ್ಲಿ ನಾನು ಗೋಡೆಯ ಬದಿಗೆ ಟೊಮೆಟೋ ನೆಟ್ಟೆ. ಮೊದಲು ಸೊರಗಿದ ಗಿಡಗಳು ಆಮೇಲೆ ಹೇಗೆ ಚಿಗುರಿದವೆಂದರೆ, ಅಮ್ಮ ಸಾರು ಮಾಡಿ ಓಣಿಗೆಲ್ಲ ಹಂಚಿದಳು. ನಾನು ಸಿಕ್ಕವರಿಗೆಲ್ಲ ಕೃಷಿಯ ಪಾಠ ಶುರುಮಾಡಿದೆ. ಒಂದು ಬೆಕ್ಕು ಮಾತ್ರ ಗಿಡದ ಬುಡ ಬಿಟ್ಟು ಏಳುತ್ತಿರಲಿಲ್ಲ. ನೆರಳಿಗೆ ಬರುತ್ತದೆ ಎಂದುಕೊಂಡೆ.

ಮರುವರ್ಷ ಗೊಬ್ಬರ ಹಾಕುವ ಮೊದಲು ಮಣ್ಣು ತೋರಿಸೋಣ ಎನಿಸಿತು. ಐದು ಕಡೆ ಗೇಣು ಆಳ ಅಗೆದು, ಬೆರೆಸಿ, ಪೇಪರಿನ ಮೇಲೆ ನೆರಳಲ್ಲಿ ಒಣಗಿಸಿ ಪರೀಕ್ಷೆಗೆ ಕೊಟ್ಟೆ.

“ಇದಕ್ಕೆ ಗೊಬ್ಬರ ಬೇಡವೇ ಬೇಡ ಮಾರಾಯ್ರೇ. ಎಂತ ಹಾಕ್ತೀರಿ ನೀವು?” ಎಂದರು ಪರೀಕ್ಷೆ ಮಾಡಿದವರು.

“ನೀರು,” ಎಂದೆ, ಎದೆಯುಬ್ಬಿಸಿ.

ಗೋಡೆಯ ಬಳಿ ಇದನ್ನೇ ಕೊಚ್ಚಿಕೊಂಡಾಗ ಲೀಲಕ್ಕನ ಮುಖ ಬಿಳಿಚಿತು.

“ಮಾಸ್ಟ್ರೇ, ಅಮ್ಮನಿಗೆ ಹೇಳ್ಬೇಡಿ. ಗಿಡ ನೋಡಿ ಪಾಪ ಅನ್ನಿಸಿತು. ಮಧ್ಯಾಹ್ನ ನೀವು ಮಲಗಿದ ಮೇಲೆ ಮೀನು ತೊಳೆದ ನೀರು ಹಾಕ್ತಿದ್ದೆ.”

ಟೊಮೆಟೋ ಹಾಳಾಗಿ ಹೋಗಲಿ, ಅಮ್ಮನಿಗೆ ಗೊತ್ತಾಗಿ ಇಬ್ಬರ ಗೋಡೆಯ ಮೇಲಿನ ಮಾತೇ ನಿಂತುಹೋದರೆ? ಬಾಯಿಗೆ ಬೀಗ ಹಾಕಿಕೊಂಡೆ. ಅಮ್ಮ ಸಾರು ಬಡಿಸುವಾಗಲೆಲ್ಲ ಕಳ್ಳನಂತೆ ತಟ್ಟೆಯನ್ನೇ ನೋಡುತ್ತಿದ್ದೆ.

ಈಗ ಲೀಲಕ್ಕ ಕಾಟಿಪಳ್ಳದ ಮಗಳ ಮನೆಯಲ್ಲಿದ್ದಾರೆ. ಆಚೆ ಮನೆಗೆ ಬೀಗ. ಗಿಡಗಳು ಹಳದಿಯಾಗಿವೆ, ಬೆಕ್ಕೂ ಬರುವುದಿಲ್ಲ. ಅಮ್ಮ ಮಾತ್ರ ಸಂಜೆ ಗೋಡೆಯ ಹತ್ತಿರ ಸುಮ್ಮನೆ ನಿಂತು ಬರುತ್ತಾಳೆ.

ಇವತ್ತು ವರದಿ ಓದಿ ಹೇಳಿದೆ. ಅಮ್ಮ ಬೆಂಡೆಕಾಯಿ ಹೆಚ್ಚುತ್ತಲೇ, “ಕಡಿಮೆಯಾಗದೆ ಎಂತ? ನೀರು ಹಾಕುವವಳು ಹೋದಳಲ್ಲ,” ಎಂದಳು.

“ನಿನಗೆ ಗೊತ್ತಿತ್ತಾ?”

“ಮತ್ತೆ ಬೆಕ್ಕು ಟೊಮೆಟೋ ತಿನ್ಲಿಕ್ಕೆ ಬರ್ತಿತ್ತಾ? ಗೊತ್ತುಂಟು ಅಂತ ಹೇಳಿದ್ರೆ ಅವಳು ನಾಚಿಕೆಯಲ್ಲಿ ಗೋಡೆ ಹತ್ತಿರ ಬರ್ತಿರಲಿಲ್ಲ. ಹಣ್ಣನ್ನು ತೊಳೆದೇ ಸಾರಿಗೆ ಹಾಕುವುದಲ್ವಾ?”

ಇಷ್ಟು ವರ್ಷ ತಟ್ಟೆ ನೋಡಿದ್ದೇ ಬಂತು! ಗೊಬ್ಬರ ತರಲು ಚೀಲ ಹಿಡಿದು ಹೊರಟೆ. ನೋಡಿದರೆ ಅಮ್ಮ ಸೀರೆ ಬದಲಿಸಿ ಜಗಲಿಯಲ್ಲಿ ನಿಂತಿದ್ದಾಳೆ.

“ಕಾಟಿಪಳ್ಳಕ್ಕೆ ಬಸ್ಸು ಎಷ್ಟು ಗಂಟೆಗೆ ಉಂಟು? ಗಿಡ ಸಾಯ್ತದೆ ಅಂತ ಹೇಳಿದ್ರೆ ನಾಲ್ಕು ದಿನಕ್ಕಾದರೂ ಬರ್ತಾಳೆ. ಬರುವಾಗ ಮನೆಯ ಬೀಗದ ಕೈ ಮರೀಬೇಡ ಅಂತ ಅವಳಿಗೆ ಈಗಲೇ ಫೋನ್ ಮಾಡು.”

ನಾನು ಚೀಲ ಮಡಚಿ ಒಳಗಿಟ್ಟೆ.