ಸ್ವೆಟರ್ ಮಾರುವ ಅಕ್ಕ ಹಾಡಿದಳು

ಜೇವರ್ಗಿಯಲ್ಲಿ ನಮ್ಮದು ಮೈಕ್‌ಸೆಟ್ಟಿನ ಅಂಗಡಿ. ವಿಜಯಪುರದ ಕಡೆ ಹೋಗುವ ರಸ್ತೆಗೆ ಮುಖ ಮಾಡಿದ ಎರಡು ಶಟರಿನ ಮಳಿಗೆ. ಮದುವೆ, ತೊಟ್ಟಿಲು, ಪುರಾಣ, ಚುನಾವಣೆ, ಯಾವುದೇ ಇರಲಿ, ಸುತ್ತಲಿನ ಹಳ್ಳಿಗಳಿಗೆ ಆವಾಜು ನಮ್ಮಲ್ಲಿಂದಲೇ ಹೋಗಬೇಕು. ನಾನು ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಅಪ್ಪನ ಜೊತೆ ಅಂಗಡಿಯಲ್ಲಿ ಕೂತ ವರ್ಷ, ದೀಪಾವಳಿ ಕಳೆದ ವಾರಕ್ಕೆ, ಪಕ್ಕದ ಖಾಲಿ ಜಾಗದಲ್ಲಿ ನೀಲಿ ತಾಡಪತ್ರಿಯ ಡೇರೆ ಎದ್ದಿತು. ಹಗ್ಗದ ತುಂಬ ಬಣ್ಣ ಬಣ್ಣದ ಸ್ವೆಟರು, ಮಫ್ಲರು, ಕುಲಾವಿ. ಒಳಗೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು, ಜೊತೆಗೆ ಅವಳ ಮುದಿ ತಂದೆ.

ಟಿಬೆಟಿನವರು ಸ್ವೆಟರ್ ಮಾರಲು ಬರುವುದು ನಮಗೆ ಹೊಸದಲ್ಲ. ಆದರೆ ಅಲ್ಲಿಯವರೆಗೆ ಕಲಬುರಗಿಗೆ ಬಂದು ಹೋಗುತ್ತಿದ್ದರು, ಜೇವರ್ಗಿಗೆ ಬಂದದ್ದು ಅದೇ ಮೊದಲು. ಅವಳು ಒಂದು ಬಲ್ಬಿಗೆ ಕರೆಂಟು ಕೇಳಲು ನಮ್ಮ ಅಂಗಡಿಗೆ ಬಂದಾಗ ಅವ್ವ ಅಲ್ಲೇ ಇದ್ದಳು. ಬಂದವಳು ಅಚ್ಚ ಹುಬ್ಬಳ್ಳಿ ಕಡೆಯ ಕನ್ನಡ ಮಾತಾಡಿದ್ದು ಕೇಳಿ ಅವ್ವ ಬೆರಗಾದಳು.

"ಯಾವೂರಬೇ ನಿಂದು?"

"ಮುಂಡಗೋಡ ಕ್ಯಾಂಪ್ ರೀ."

"ಅದಲ್ಲ, ಖರೆ ಊರು?"

"ಖರೆ ಊರು ನಾನೂ ನೋಡಿಲ್ರಿ ಅಮ್ಮಾರ. ನಮ್ಮಪ್ಪ ನೋಡ್ಯಾನ. ಅಂವಗೂ ಆಗ ಎಂಟ ವರ್ಸ."

ಅವ್ವ ನನ್ನ ಕಡೆ ನೋಡಿ "ವಾಯರ್ ಕೊಡು" ಅಂದಳು.

ಹೀಗೆ ಅವಳು ನನಗೆ ಅಕ್ಕ ಆದಳು. ಬೆಳಿಗ್ಗೆ ಹತ್ತಕ್ಕೆ ನಾನು ಶಟರ್ ಎತ್ತುವ ಹೊತ್ತಿಗೆ ಅವಳು ಸ್ವೆಟರುಗಳನ್ನು ಕೊಡವಿ ತೂಗುಹಾಕುತ್ತ ಗುನುಗುತ್ತಿದ್ದಳು. ಬಾಯಿ ತೆರೆಯದೆ, ಮೂಗಿನಲ್ಲೇ. ಆವಾಜಿನ ಕಸುಬಿನವರ ಕಿವಿ ಸುಮ್ಮನಿರುವುದಿಲ್ಲ. ಲಾರಿ, ಟಂಟಂ, ಬಸ್ಸಿನ ಗದ್ದಲದ ನಡುವೆಯೂ ಆ ಗುನುಗು ಎಳೆದ ತಂತಿಯ ಹಾಗೆ ಬೇರೆಯಾಗಿ ಕೇಳುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ.

ಅವಳು ಹೇಳಿದ್ದು ಇಷ್ಟು. ಅವಳ ತಾಯಿ ಕ್ಯಾಂಪಿನ ಮಗ್ಗದಲ್ಲಿ ಜಮಖಾನೆ ನೇಯುತ್ತಿದ್ದಳು, ನೇಯುವಾಗ ಹಾಡುತ್ತಿದ್ದಳು. ಗಂಟಿನ ಲೆಕ್ಕ ತಪ್ಪದಿರಲೆಂದು ಹಾಡಿನಲ್ಲೇ ಎಣಿಕೆ. ಮಗಳು ಮಗ್ಗದ ಕೆಳಗೆ ಆಡಿಕೊಂಡೇ ಎಲ್ಲ ಕಲಿತಳು. ಹದಿನಾರಕ್ಕೆ ತಮ್ಮವರ ಒಂದು ಹಾಡು-ಕುಣಿತದ ತಂಡ ಸೇರಿದಳು. ಆರು ವರ್ಷ ತಿರುಗಿದಳು. ದೇಶದಲ್ಲಿ ಎಲ್ಲೆಲ್ಲಿ ಅವರ ಕ್ಯಾಂಪುಗಳಿವೆಯೋ ಅಲ್ಲೆಲ್ಲ ಅವಳ ಹಾಡು. ಒಂದು ಕ್ಯಾಸೆಟ್ಟೂ ಬಂತು. ಆಮೇಲೆ ತಾಯಿ ತೀರಿಕೊಂಡಳು. ತಂದೆಗೆ ಜೊತೆ ಬೇಕಿತ್ತು. ಅವಳು ತಂಡ ಬಿಟ್ಟು ಮನೆಗೆ ಬಂದು ಚಳಿಗಾಲದ ಸ್ವೆಟರ್ ವ್ಯಾಪಾರಕ್ಕೆ ಇಳಿದಳು. ಅಲ್ಲಿಂದ ಏಳು ವರ್ಷ ಮಂದಿಯ ಮುಂದೆ ಬಾಯಿ ತೆರೆದಿರಲಿಲ್ಲ.

"ಹಾಡ್ಬೇಕು ಅನ್ಸಂಗಿಲ್ಲೇನ್ ಅಕ್ಕಾ?"

"ಅನಸ್ತೈತಿ. ಯಾರು ಕೇಳ್ತಾರ? ಇಲ್ಲಿ ಮಂದಿಗೆ ನಮ್ಮ ಮಾತು ತಿಳ್ಯಂಗಿಲ್ಲ."

ನನ್ನ ಅಪ್ಪ ಯಾವ ಹಾಡುಗಾರರನ್ನೂ ಹೊಗಳಿದವನಲ್ಲ. ನಲವತ್ತು ವರ್ಷ ಮದುವೆಯ ಆರ್ಕೆಸ್ಟ್ರಾ ಕೇಳಿ ಕೇಳಿ ಅವನ ಕಿವಿ ಗಡುಸಾಗಿತ್ತು. ದನಿ ಸುಮಾರಿದ್ದರೆ ಎಕೋ ಜಾಸ್ತಿ ಮಾಡುತ್ತಿದ್ದ, ಇನ್ನೂ ಸುಮಾರಿದ್ದರೆ ಇನ್ನೂ ಜಾಸ್ತಿ. ಆ ವಾರ ರಿಪೇರಿ ಮಾಡಿದ ಒಂದು ಆಂಪ್ಲಿಫೈಯರ್ ಪರೀಕ್ಷೆ ಮಾಡಬೇಕಿತ್ತು. ನನ್ನ ಗಂಟಲು ಕಟ್ಟಿತ್ತು. ಅಪ್ಪ ಹೊರಗೆ ಮುಖ ಹಾಕಿ ಕೂಗಿದ: "ತಂಗೀ, ಜರಾ ಬಂದು ಹಲೋ ಹಲೋ ಅನ್ನು."

ಅಕ್ಕ ಬಂದಳು. ಮೈಕು ಕೈಗೆ ತೆಗೆದುಕೊಂಡಳು. ಹಲೋ ಅನ್ನಲಿಲ್ಲ. ಹಾಡಿದಳು.

ಮಧ್ಯಾಹ್ನ ಮೂರರ ಬಿಸಿಲು. ಬಾಗಿಲಲ್ಲಿ ಇಟ್ಟ ಹಾರ್ನ್ ಸ್ಪೀಕರಿನಿಂದ ಆ ದನಿ ರಸ್ತೆಗೆ ಬಿತ್ತು. ಕೆಳಗಿನಿಂದ ಎದ್ದು, ಎದ್ದಲ್ಲೇ ನಡುಗಿ, ಇನ್ನೂ ಮೇಲೆ ಹೋಗಿ ಅಲ್ಲೇ ನಿಂತಿತು. ಎದುರಿನ ಚಹಾದಂಗಡಿಯವನು ಸೋಸುವುದನ್ನು ನಿಲ್ಲಿಸಿದ. ತೊಗರಿ ಚೀಲ ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರಿನವನು ಬದಿಗೆ ನಿಂತು ಎಂಜಿನ್ ಬಂದ್ ಮಾಡಿದ. ಅಪ್ಪನ ಕೈ ಎಕೋ ಗುಂಡಿಯ ಮೇಲಿತ್ತು. ಅವನು ಅದನ್ನು ಪೂರಾ ಸೊನ್ನೆಗೆ ತಿರುಗಿಸಿದ.

ಹಾಡು ಮುಗಿದ ಮೇಲೆ ಅಪ್ಪ ನನ್ನ ಕಡೆ ತಿರುಗಿ, "ಈ ಆವಾಜಿಗೆ ನಮ್ಮ ಮಶೀನು ಏನೂ ಮಾಡೂದು ಬ್ಯಾಡ. ಬರೇ ದೂರ ಮುಟ್ಟಿಸಿದ್ರ ಸಾಕು" ಅಂದ. ಅವನ ಬಾಯಲ್ಲಿ ನಾನು ಕೇಳಿದ ಮೊದಲ ಹೊಗಳಿಕೆ ಅದು. ಅಕ್ಕನಿಗೆ ಕೇಳಿಸಲಿಲ್ಲ. ಅವಳು ಡೇರೆಯ ಬಾಗಿಲಲ್ಲಿ ಕೂತು ಅಳುತ್ತಿದ್ದ ತನ್ನ ತಂದೆಯ ಕಡೆ ಓಡಿದ್ದಳು.

ಅದೇ ತಿಂಗಳು ಗೊಬ್ಬೂರಿನ ನಮ್ಮ ಅತ್ತೆ, ಅಪ್ಪನ ಅಕ್ಕ, ಮಗನ ಮದುವೆಯ ಬಟ್ಟೆಗೆಂದು ಜೇವರ್ಗಿಗೆ ಬಂದಳು. ಹತ್ತೂರಿಗೆ ಸೋಬಾನ ಪದ ಹಾಡುವವಳು ಅವಳು. ಸ್ವೆಟರ್ ಚೌಕಾಶಿಗೆ ಡೇರೆಯೊಳಗೆ ಹೋದವಳು ಎರಡು ತಾಸು ಹೊರಗೆ ಬರಲಿಲ್ಲ. ನಾನು ಹೋಗಿ ನೋಡಿದರೆ ಇಬ್ಬರೂ ಸ್ವೆಟರ್ ಗಂಟಿನ ಮೇಲೆ ಕೂತಿದ್ದಾರೆ. ಅತ್ತೆ ಒಂದು ಸಾಲು ಹೇಳುತ್ತಾಳೆ, ಅಕ್ಕ ಹಿಂದಿನಿಂದ ಹಾಡುತ್ತಾಳೆ.

"ಎಷ್ಟ್ ಲಗೂ ಹಿಡೀತಾಳ ನೋಡಬೇ ಇಕಿ!" ಅತ್ತೆ ನನಗೆ ಹೇಳಿದಳು. "ನನ್ನ ಸೊಸೆಂದ್ರು ಹತ್ತ ವರ್ಸ ಆದ್ರೂ ಈ ಎಳತ ಹಿಡದಿಲ್ಲ."

ಮದುವೆ ಹೆಣ್ಣಿನ ಊರಾದ ಮಣ್ಣೂರಿನಲ್ಲಿ, ಭೀಮಾ ದಂಡೆಯಲ್ಲಿ. ಸೌಂಡು ನಮ್ಮದೇ. ಸೊಲ್ಲಾಪುರದಿಂದ ಬರಬೇಕಿದ್ದ ಆರ್ಕೆಸ್ಟ್ರಾದ ಹಾಡುಗಾರ್ತಿಗೆ ಜ್ವರ, ಬೆಳಿಗ್ಗೆ ಫೋನು ಬಂತು. ಬಾಜಾದವರು ಬಂದಿದ್ದಾರೆ, ಹಾಡುವವರಿಲ್ಲ. ಅತ್ತೆ ಒಂದೇ ಮಾತು ಹೇಳಿದಳು: "ಆ ಸ್ವೆಟರ್ ಹುಡುಗೀನ ಕರಕೊಂಡ್ ಬಾ." ನಾನು ನಮ್ಮ ಟೆಂಪೊ ತಿರುಗಿಸಿಕೊಂಡು ಜೇವರ್ಗಿಗೆ ಹೋದೆ. ಅಕ್ಕ ಮೊದಲು ಒಲ್ಲೆನೆಂದಳು. ಅವಳ ತಂದೆ ಅವರ ಮಾತಿನಲ್ಲಿ ಎರಡು ಪದ ಹೇಳಿದ. ಅವಳು ಎದ್ದು ಪೆಟ್ಟಿಗೆಯಿಂದ ಅವರ ಹೆಂಗಸರು ಸೊಂಟದ ಮುಂದೆ ಕಟ್ಟುವ ಪಟ್ಟೆಪಟ್ಟೆಯ ಬಟ್ಟೆ ತೆಗೆದು ಕಟ್ಟಿಕೊಂಡಳು. ಏನು ಹೇಳಿದನೆಂದು ದಾರಿಯಲ್ಲಿ ಕೇಳಿದೆ. "'ಅಂಗಡಿ ನಾ ನೋಡ್ಕೋತೇನಿ' ಅಂದ" ಎಂದು ನಕ್ಕಳು.

ಮಣ್ಣೂರಿನ ಹಂದರದಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಮುಖ ಸಿಂಡರಿಸಿದರು. "ಸ್ವೆಟರ್ ಮಾರಾಕಿ ಏನ್ ಹಾಡ್ತಾಳ್ರೀ ಲಗ್ನದಾಗ?" ಅಪ್ಪ ತಂತಿ ಸುತ್ತುತ್ತ, "ಕೇಳಿ ನೋಡ್ರಿ, ಆಮ್ಯಾಲ ಮಾತಾಡ್ರಿ" ಅಂದ. ಅಕ್ಷತೆ ಬಿದ್ದ ಮೇಲೆ ಅಕ್ಕ ಅತ್ತೆಯ ಸೋಬಾನ ಎತ್ತಿಕೊಂಡಳು. ಉಚ್ಚಾರ ಅಲ್ಲಲ್ಲಿ ಜಾರಿತು, ಎಳೆತ ಮಾತ್ರ ಥೇಟ್ ಅತ್ತೆಯದೇ. ಎರಡನೆಯ ಸಾಲಿಗೆ ಹೆಂಗಸರು ಸೊಲ್ಲು ಕೂಡಿಸಿದರು. ಮೂರನೆಯದಕ್ಕೆ ಅಡುಗೆಯವರೂ ಸೌಟು ಹಿಡಿದೇ ಬಂದರು. ಮುಖ ಸಿಂಡರಿಸಿದ್ದ ಹಿರಿಯರು ಊಟವಾದ ಮೇಲೆ ಬಂದು, "ತಂಗೀ, ನಿಮ್ಮ ಮಾತಿಂದೂ ಒಂದು ಆಗಲಿ" ಎಂದು ಕೇಳಿದರು.

ಆ ಹಂಗಾಮಿನಿಂದ ಅವಳ ಎರಡನೆಯ ಬಾಳು ಶುರುವಾಯಿತು. ಪ್ರತಿ ವರ್ಷ ದೀಪಾವಳಿಗೆ ಬರುತ್ತಿದ್ದಳು. ಮೊದಲ ದಿನ ನಿರಾಶ್ರಿತರಿಗೆ ಕೊಡುವ ನೋಂದಣಿ ಪುಸ್ತಕ ಹಿಡಿದು ಠಾಣೆಗೆ ಹೋಗಿ ತಾನು ಬಂದದ್ದನ್ನು ಬರೆಸಬೇಕು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. "ಇದೇ ರಾಜ್ಯದಾಗ ಹುಟ್ಟೇನಿ. ಆದ್ರೂ ಬಂದೇನಿ, ಹೋಕ್ಕೇನಿ ಅಂತ ಹೇಳಿ ಅಡ್ಡಾಡಬೇಕು" ಎಂದು ಮೆಟ್ಟಿಲಿಳಿಯುವಾಗ ಹೇಳಿದಳು. ದೂರುವ ದನಿ ಅಲ್ಲ, ಆದರೆ ಹಗುರವೂ ಅಲ್ಲ. ವಾರವೆಲ್ಲ ಸ್ವೆಟರು, ರವಿವಾರ ಹಾಡು. ಅಫಜಲಪುರ, ಆಳಂದ, ನಡುವಿನ ಹಳ್ಳಿಗಳು. ಟೆಂಪೊದಲ್ಲಿ ಸ್ಪೀಕರ್ ಬಾಕ್ಸುಗಳ ನಡುವೆ ಅವಳ ಆರು ತಂತಿಯ, ಉದ್ದ ಕುತ್ತಿಗೆಯ ವಾದ್ಯಕ್ಕೆ ನಾನು ಕಂಬಳಿ ಸುತ್ತಿ ಜಾಗ ಮಾಡುತ್ತಿದ್ದೆ. ಅಷ್ಟರಲ್ಲಿ ಅಪ್ಪನ ಮೊಣಕಾಲು ನೋವು ಹೆಚ್ಚಿತ್ತು. ಮಿಕ್ಸರಿನ ಮುಂದೆ ಕೂರುವವಳು ನಾನೇ. "ಹೆಣ್ಮಗಳು ಸೌಂಡ್ ಹಚ್ಚಾಕತ್ಯಾಳ" ಎಂದು ನೋಡಲು ಬಂದವರು ಅವಳ ಹಾಡು ಕೇಳಿ ಹೋದರು, ಹಾಡು ಕೇಳಲು ಬಂದವರು ನನ್ನ ಸೌಂಡು ಬುಕ್ ಮಾಡಿ ಹೋದರು.

ಆಳಂದದ ಒಂದು ಕಾಲೇಜಿನ ಕಾರ್ಯಕ್ರಮ ಮರೆಯುವ ಹಾಗಿಲ್ಲ. ಅವಳು ವೇದಿಕೆಗೆ ಬಂದ ಕೂಡಲೇ ಹಿಂದಿನ ಸಾಲಿನ ಹುಡುಗರು "ಚೀನಾ! ಚೀನಾ!" ಎಂದು ಕೂಗಿ ಸಿಳ್ಳೆ ಹಾಕಿದರು. ನನ್ನ ಕೈ ಮೈಕ್ ಬಂದ್ ಮಾಡಲು ಹೋಯಿತು. ಅವಳು ಬೇಡವೆಂದು ಕಣ್ಣಲ್ಲೇ ತಡೆದಳು. ವಾದ್ಯ ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಮಾತಾಡಿದಳು.

"ತಮ್ಮಾ, ಚೀನಾ ಅಲ್ಲ. ಮುಂಡಗೋಡ. ಇಲ್ಲಿಂದ ಹುಬ್ಬಳ್ಳಿ ಬಸ್ ಹತ್ತಿ, ಅಲ್ಲಿಂದ ಇನ್ನೊಂದು ಬಸ್ ಹತ್ತಿದ್ರ ನಮ್ಮನಿ. ನಮ್ಮಪ್ಪ ಎಂಟ ವರ್ಸದ ಹುಡುಗ ಇದ್ದಾಗ ಬರ್ಫದಾಗ ನಡದು ಬಂದಾನ. ಸೋದರಮಾವ ಬೆನ್ನಮ್ಯಾಲ ಹೊತ್ತಾನ. ದಾರ್ಯಾಗ ಮಾವ ಹೋದ, ಇಂವ ಉಳದ. ಯಾವ್ಯಾವ ಹಳ್ಳ, ಯಾವ್ಯಾವ ಕಣಿವಿ ದಾಟೇನಿ ಅಂತ ಇವತ್ತಿಗೂ ಒಂದೂ ಮರೀದ ಹೇಳ್ತಾನ. ಅದನ್ನ ಹಾಡ್ತೇನಿ. ಮಾತು ತಿಳೀಲಿಲ್ಲಂದ್ರ ಬ್ಯಾಡ, ಹೆಸರಷ್ಟ ಕೇಳು."

ಆ ಹಾಡು ಹುಟ್ಟಿದ್ದು ನಮ್ಮ ಅಂಗಡಿಯಲ್ಲೇ. ಹಿಂದಿನ ವರ್ಷ ಅವಳು ತಾಯಿಯ ಪದವೊಂದನ್ನು ರೆಕಾರ್ಡ್ ಮಾಡುವಾಗ ಅವಳ ಮುದಿ ತಂದೆ ನಡುವೆ ಕೈ ಎತ್ತಿ ತಡೆದಿದ್ದ. ಹಳ್ಳದ ಹೆಸರು ತಪ್ಪಿದೆಯಂತೆ. ಸರಿ ಹೆಸರು ಹೇಳಿದ. ಅದರ ಮುಂದಿನ ಹಳ್ಳ ಹೇಳಿದ, ಅದರ ಮೇಲಿನ ಹುಲ್ಲುಗಾವಲು ಹೇಳಿದ. ನಿಲ್ಲಲೇ ಇಲ್ಲ. ಅಕ್ಕ ಬಿಲ್ ಪುಸ್ತಕದ ಹಿಂದೆ ಬರೆದುಕೊಂಡಳು. ಎರಡು ವಾರದಲ್ಲಿ ಆ ಹೆಸರುಗಳೆಲ್ಲ ಹಾಡಾಗಿ ಬಂದವು.

ಆಳಂದದಲ್ಲಿ ಅದನ್ನು ಹಾಡಿದಾಗ ಸಿಳ್ಳೆ ನಿಂತಿತು. ಒಂದೊಂದು ಹೆಸರಿಗೂ ವಾದ್ಯ ಒಂದು ಹೆಜ್ಜೆ ಇಡುತ್ತಿತ್ತು. ಮುಗಿದಾಗ ಮೊದಲು ಎದ್ದು ನಿಂತದ್ದು ಹಿಂದಿನ ಸಾಲೇ. ಕೂಗಿದವರಲ್ಲಿ ಒಬ್ಬ ಟೆಂಪೊ ತನಕ ಬಂದು, "ಅಕ್ಕಾ, ಗಲತಿ ಆತ್ರಿ" ಅಂದ. ಅವಳು ಅವನ ಕೈಗೆ ವಾದ್ಯ ಕೊಟ್ಟು, "ಹಗೂರ ಇಡು, ತಂತಿ ಹರೀತಾವ" ಅಂದಳು. ಅಷ್ಟೇ ಅವಳ ಶಿಕ್ಷೆ.

ಅಂದಿನಿಂದ ಅವಳು ಮೊದಲು ಕಥೆ ಕನ್ನಡದಲ್ಲಿ ಹೇಳಿ ಆಮೇಲೆ ತಮ್ಮ ಮಾತಿನಲ್ಲಿ ಹಾಡತೊಡಗಿದಳು. ಹಳ್ಳ-ಕಣಿವೆಗಳ ಆ ಹಾಡನ್ನು ನಾನು ರೆಕಾರ್ಡ್ ಮಾಡಿ ಮೊಬೈಲಿನಲ್ಲಿ ಹಂಚಿದೆ. ಅದು ಅವರ ಕ್ಯಾಂಪುಗಳಿಗೆ ಹೋಯಿತು, ಅಲ್ಲಿಂದ ಹೊರದೇಶಗಳಲ್ಲಿರುವ ಅವರ ಮಂದಿಗೆ ಮುಟ್ಟಿತು. ಯುರೋಪಿನ ಒಂದು ಸಂಗೀತೋತ್ಸವದಿಂದ ಕರೆ ಬಂತು. ಪಾಸ್‌ಪೋರ್ಟ್ ಇಲ್ಲದವರಿಗೆ ಬೇರೆಯೇ ಒಂದು ಪುಸ್ತಕ ಬೇಕು. ಅದು ಬರುವಷ್ಟರಲ್ಲಿ ಉತ್ಸವ ಮುಗಿದಿತ್ತು. ಆ ದಿನ ಅವಳು ಡೇರೆಯಲ್ಲಿ ಎಂದಿನಂತೆ ಮಕ್ಕಳ ತಲೆಗೆ ಕುಲಾವಿ ಅಳತೆ ನೋಡುತ್ತಿದ್ದಳು. ನನಗೇ ಸಿಟ್ಟು ತಡೆಯಲಾಗಲಿಲ್ಲ.

"ಪುಸ್ತಕ ಬಂತಲ್ಲ," ಅಂದಳು. "ಬರೂ ವರ್ಸ ಅವ್ರು ಕರೀತಾರ. ಕರೀಲಿಲ್ಲಂದ್ರ ನಾ ಪತ್ರ ಬರೀತೇನಿ."

ಅವರು ಕರೆದರು. ಅವಳು ಹೋದಳು. ಒಂದು ಊರಿಗೆಂದು ಹೋದವಳನ್ನು ಮತ್ತೆ ನಾಲ್ಕು ಊರಿನವರು ಕರೆದುಕೊಂಡು ಹೋದರು. ದೊಡ್ಡ ಸಭಾಂಗಣದಲ್ಲಿ ಅವಳು ಅದೇ ಪಟ್ಟೆಬಟ್ಟೆ ಕಟ್ಟಿಕೊಂಡು ಅತ್ತೆಯ ಸೋಬಾನ ಹಾಡುತ್ತಿರುವ ವಿಡಿಯೊ ಬಂದಾಗ ಅತ್ತೆ ಗೊಬ್ಬೂರಿನ ಕಟ್ಟೆಯ ಮೇಲೆ ಕೂತು ಹೊಲದಿಂದ ಬಂದವರಿಗೆಲ್ಲ ತೋರಿಸಿದಳು. "ಇದು ನನ್ನ ಪದ. ಇಕಿ ನನ್ನ ಕಡೆ ಕಲತಾಕಿ."

ತಿರುಗಿ ಬಂದ ಮೇಲೆ ಕಲಬುರಗಿಯಲ್ಲಿ ಅವಳದೇ ಒಂದು ಇಡೀ ಕಾರ್ಯಕ್ರಮ ಮಾಡಬೇಕೆಂದು ಹೊರಟವಳು ನಾನು. ಸಭಾಂಗಣ ಹಿಡಿದೆ, ಸೌಂಡು ನಮ್ಮದೇ. ರವಿವಾರ ಸಂಜೆ ಐದಕ್ಕೆ. ನಾಲ್ಕೂವರೆಗೆ ಅರ್ಧ ಕುರ್ಚಿ ಖಾಲಿ ಇದ್ದವು, ನಾನು ಬಾಗಿಲಿಗೂ ಮಿಕ್ಸರಿಗೂ ಓಡಾಡುತ್ತಿದ್ದೆ. ಆಮೇಲೆ ಬಂದರು ನೋಡಿ: ಜೇವರ್ಗಿಯಿಂದ ಎರಡು ಜೀಪು, ಮಣ್ಣೂರಿನಿಂದ ಬೀಗರು, ಆಳಂದದಿಂದ ಈಗ ಮಾಸ್ತರಾಗಿರುವ ಆ "ಗಲತಿ ಆತ್ರಿ" ಹುಡುಗ ತನ್ನ ವಿದ್ಯಾರ್ಥಿಗಳ ಜೊತೆ, ಮುಂಡಗೋಡದಿಂದ ಒಂದು ಬಸ್ಸಿನ ತುಂಬ ಅವಳ ಮಂದಿ. ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತರು.

ಎರಡು ತಾಸು ಹಾಡಿದಳು. ಕೊನೆಗೆ ತಂದೆಯ ದಾರಿಯ ಹಾಡು. ಮುಂದಿನ ಸಾಲಿನಲ್ಲಿ ಮುದುಕ ಪ್ರತಿ ಹೆಸರಿಗೂ ಬೆರಳು ಮಡಿಸುತ್ತಿದ್ದ. ಕೊನೆಯ ಕಣಿವೆ ದಾಟಿದ ಮೇಲೆ ಹಾಡು ಮುಗಿಯಬೇಕಿತ್ತು. ಮುಗಿಯಲಿಲ್ಲ. ಅದೇ ಧಾಟಿಯಲ್ಲಿ ಅವಳು ಮುಂಡಗೋಡ ಅಂದಳು, ಜೇವರ್ಗಿ ಅಂದಳು, ಗೊಬ್ಬೂರ, ಮಣ್ಣೂರ, ಆಳಂದ ಅಂದಳು. ನನಗೂ ಹೇಳಿರಲಿಲ್ಲ. ಜನ ಎದ್ದು ನಿಂತರು. ಅವರ ಚಪ್ಪಾಳೆಯ ಹೊಡೆತಕ್ಕೆ ನನ್ನ ಮಿಕ್ಸರಿನ ದೀಪಗಳು ಕೆಂಪಿಗೆ ಹೋಗಿ ಅಲ್ಲೇ ನಿಂತವು. ಮುದುಕ ಮಾತ್ರ ಕೂತೇ ಇದ್ದ. ನಾನು ಹತ್ತಿರ ಹೋಗಿ ಹೇಗಿತ್ತೆಂದು ಕೇಳಿದೆ.

"ಎಲ್ಲಾ ಹೆಸರು ಬರೋಬ್ಬರಿ," ಅಂದ. ಅವನ ಬಾಯಲ್ಲಿ ನಾನು ಕೇಳಿದ ಮೊದಲ ಕನ್ನಡ ಅದು.

ಈಗ ಆ ಡೇರೆಯನ್ನು ಅವಳ ಚಿಕ್ಕಮ್ಮನ ಮಗಳು ನಡೆಸುತ್ತಾಳೆ. ಅಕ್ಕ ಮುಂಡಗೋಡದಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಾಳೆ, ವರ್ಷದಲ್ಲಿ ಮೂರು ತಿಂಗಳು ಹೊರದೇಶ ತಿರುಗುತ್ತಾಳೆ. ಹೋದ ತಿಂಗಳು ಅಲ್ಲಿಗೆ ಹೋಗಿ ಅವಳ ಶಾಲೆಗೆ ಎರಡು ಬಾಕ್ಸು ಕೂರಿಸಿ ಬಂದೆ. ಇಪ್ಪತ್ತೆರಡು ಮಕ್ಕಳು ಸಾಲಾಗಿ ನಿಂತು ಮೈಕು ಪರೀಕ್ಷೆ ಮಾಡಿದರು. ಅವರಲ್ಲೊಬ್ಬಳ ದನಿ ಅಕ್ಕನದಕ್ಕಿಂತ ಎತ್ತರಕ್ಕೆ ಹೋಗುತ್ತದೆ. ಅದನ್ನು ಅಕ್ಕನೇ ನನಗೆ ತೋರಿಸಿದಳು, ಮುಖದ ತುಂಬ ನಗು ತುಂಬಿಕೊಂಡು.